ಇಡೀ ಕೋಳಿ

ಕೋಳಿಯನ್ನು ತುಂಡು ಮಾಡಬೇಡ, ಇಡಿಯಾಗಿಯೇ ಬೇಕು, ಚರ್ಮವನ್ನೂ ತೆಗೆಯಬೇಡ ಎಂದು ಶೀತಲ ಅಂಗಡಿಯವನಿಗೆ ಬಿಡಿಸಿ ಹೇಳಿದಳು. ಅವನು ಕತ್ತಿ ಒರೆಸುತ್ತ ಅವಳ ಮುಖ ನೋಡಿ, “ನಾಯಿಗೇನ್ರಿ ಅಕ್ಕಾರ?” ಎಂದು ಕೇಳಿದ.

“ಮನಶ್ಯಾರಿಗೇ ಅಣ್ಣಾ,” ಎನ್ನುವಷ್ಟರಲ್ಲಿ ಚೀಲದೊಳಗೆ ಮೊಬೈಲು ಸದ್ದು ಮಾಡಿತು. ಗಂಡ ಬಾಳೇಶನದು. ಭಾನುವಾರದ ಗದ್ದಲದಲ್ಲಿ ಏನೂ ಕೇಳಿಸದೆ ಅವಳು ಅಂಗಡಿಯ ಹೊರಗೆ ಹೋಗಿ ನಿಂತಳು.

“ಶೀತಲ, ಕಾರಿಂದು ಆತು ನೋಡು. ಮೈಲಾರಲಿಂಗ ಸಾಹೇಬ್ರು ತಾವ ಬರ್ತಾರಂತ.”

“ಬಂದು ಓವನ್ ಇಳಿಸಿ ಹೋಗ್ತಾರಲ್ಲ?”

“ಕಾರ್ ತಂದಾರಿಗೆ ಊಟಕ್ಕ ಬರಬ್ಯಾಡ್ರಿ ಅನ್ನಾಕ ಬರ್ತೇತೇನು? ಅವರ ಕೂಡ ಕಲ್ಲಯ್ಯ ಬರ್ತಾನ. ಇನ್ನೊಬ್ಬ ಇಬ್ಬರು ಆಗಬಹುದು. ನೀ ಹೆಂಗೂ ಮಾಡಾಕತ್ತೀಯಲ್ಲ.”

ನೀ ಹೆಂಗೂ ಮಾಡಾಕತ್ತೀಯಲ್ಲ. ಮದುವೆಯಾದ ನಾಲ್ಕು ವರ್ಷದಲ್ಲಿ ಈ ಮಾತನ್ನು ಎಷ್ಟು ಸಲ ಕೇಳಿದ್ದಳೋ ಅವಳಿಗೇ ನೆನಪಿಲ್ಲ. ಫೋನಿಟ್ಟು ಒಳಗೆ ಬಂದಳು. ಮರದ ಕೊರಡಿನ ಮೇಲೆ ಅವಳ ಕೋಳಿ ಸಾರಿನ ತುಂಡುಗಳಾಗಿ ಬಿದ್ದಿತ್ತು. ಚರ್ಮ ಪಕ್ಕದ ಬುಟ್ಟಿಯಲ್ಲಿತ್ತು.

“ಕೈ ರೂಢಿ ನೋಡ್ರಿ ಅಕ್ಕಾರ,” ಎಂದ ಅಂಗಡಿಯವನು, ತನ್ನ ಕೈಯನ್ನೇ ದೂರುವವನಂತೆ. “ಇಡೀದು, ಇಡೀದು ಅಂತ ನೆನಸ್ಕೊಂಡ ನಿಂತಿದ್ನಿ. ಕೈ ಕೇಳಲಿಲ್ಲ.”

ಶೀತಲ ಆ ತುಂಡುಗಳನ್ನೂ ಕಟ್ಟಿಸಿಕೊಂಡು ಇನ್ನೊಂದು ಕೋಳಿ ಹೇಳಿದಳು. ಈ ಸಲ ಅದು ಸ್ವಚ್ಛವಾಗಿ ಚೀಲಕ್ಕೆ ಬೀಳುವವರೆಗೆ ಅವನ ಕೈಯ ಮೇಲಿಂದ ಕಣ್ಣು ಕೀಳಲಿಲ್ಲ. ಫೋನು ಮತ್ತೆ ಎರಡು ಸಲ ಬಡಿದುಕೊಂಡಿತು. ಬಡಿದುಕೊಳ್ಳಲಿ ಎಂದು ಬಿಟ್ಟಳು.

ಬೆಳಗಾವಿಯ ನೆಹರು ನಗರದ ದೊಡ್ಡ ದವಾಖಾನೆಯಲ್ಲಿ ಶೀತಲ ನರ್ಸ್. ತ್ರಿವೇಣಿ ಮತ್ತು ಸುಹಾಸಿನಿ ಅವಳ ಜೊತೆಗೇ ಕಲಿತವರು, ಈಗಲೂ ಅಲ್ಲೇ ಕೆಲಸಕ್ಕಿದ್ದವರು. ಆದರೆ ಮೂವರ ವಾರ್ಡೂ ಬೇರೆ, ಪಾಳಿಯೂ ಬೇರೆ. ಲಿಫ್ಟಿನ ಬಾಗಿಲಲ್ಲಿ ಎದುರಾದರೆ ಒಬ್ಬಳು ಹತ್ತುವವಳು, ಇನ್ನೊಬ್ಬಳು ಇಳಿಯುವವಳು. ಹಾಸ್ಟೆಲಿನಲ್ಲಿದ್ದಾಗ ಹಾಗಿರಲಿಲ್ಲ. ಕ್ಯಾಂಪಿನ ಕಡೆ ಒಂದು ಬೇಕರಿಯ ಮುಂದೆ ಗಾಜಿನ ಪೆಟ್ಟಿಗೆಯೊಳಗೆ ಕೋಳಿಗಳು ಸರಳಿಗೆ ಚುಚ್ಚಿಸಿಕೊಂಡು ತಿರುಗುತ್ತಿದ್ದವು. ಮೂವರೂ ಅದರ ಮುಂದೆ ನಿಂತು ನೋಡಿ, ಕೊನೆಗೆ ಅರ್ಧ ಕಟ್ಟಿಸಿಕೊಂಡು ಬರುತ್ತಿದ್ದರು. ಅರ್ಧದಲ್ಲಿ ಕಾಲು ಒಂದೇ. ಅದಕ್ಕಾಗಿ ಶೀತಲ ಮತ್ತು ತ್ರಿವೇಣಿ ಕಿತ್ತಾಡುವುದು. ಸುಹಾಸಿನಿ ಜೈನರವಳು, ಬನ್ನು ತಿನ್ನುತ್ತ ಪಂಚಾಯ್ತಿ ಮಾಡುವವಳು: “ಹ್ವಾದ ಸಲ ಶೀತಲಗ ಹೋಗೇತಿ, ಈ ಸಲ ತ್ರಿವೇಣಿಗೆ.” ಎಂದಾದರೊಂದು ದಿನ ಯಾರದಾದರೂ ಮನೆಯಲ್ಲಿ ಇಡೀ ಕೋಳಿ ರೋಸ್ಟ್ ಮಾಡಿ, ಹೊತ್ತು ಹೋದದ್ದು ತಿಳಿಯದಂತೆ ಕೂತು ತಿನ್ನಬೇಕೆಂದು ಆಗಲೇ ಮಾತಾಗಿತ್ತು.

ಮದುವೆಯಾದ ಮೇಲೆ ಶೀತಲ ಅಡುಗೆ ಮಾಡಿ ಬಡಿಸಿದ್ದಕ್ಕೆ ಕಡಿಮೆಯೇನಿಲ್ಲ. ಬಾಳೇಶ ಮಚ್ಛೆಯ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇತ್ ಮಷೀನಿನ ಮೇಲೆ ಕೆಲಸ ಮಾಡುತ್ತಿದ್ದ. ಅಲ್ಲಿನವರು ಗುಂಪಾಗಿ ಬಂದು ಉಂಡು ಹೋಗಿದ್ದರು, ಒಬ್ಬೊಬ್ಬರಾಗಿಯೂ ಬಂದು ಉಂಡು ಹೋಗಿದ್ದರು. ಅವಳ ಕಡೆಯವರು ಮಾತ್ರ ಒಬ್ಬರೂ ಬಂದಿರಲಿಲ್ಲ. ಮೂವರಿಗೂ ಒಂದೇ ಭಾನುವಾರ ರಜೆ ಸಿಗಲೆಂದು ಅವಳು ಇಬ್ಬರ ರಾತ್ರಿ ಪಾಳಿ ತಾನೇ ಮಾಡಿದ್ದಳು. ಇದನ್ನು ಬಾಳೇಶನಿಗೆ ಹೇಳಿಯೂ ಇದ್ದಳು. ಅವನು ಟಿವಿ ನೋಡುತ್ತ “ಚಲೋ ಆತು” ಎಂದಿದ್ದ.

ಅವರಿದ್ದದ್ದು ಅನಗೋಳದಲ್ಲಿ, ಬಾಡಿಗೆಯ ಮಹಡಿ ಮನೆಯಲ್ಲಿ. ಕೆಳಗೆ ಮನೆಯೊಡತಿ ಹೀರಾಬಾಯಿ ಇದ್ದರು. ಮನೆ ಕೊಡುವಾಗಲೇ ಅವರು, “ತತ್ತಿ, ಮಾಂಸ ಈ ಮೆಟ್ಟಲಾ ಹತ್ತಬಾರದು, ಉಳದದ್ದು ನಿಮ್ಮನಿ ಇದ್ದಂಗ” ಎಂದು ಹೇಳಿದ್ದರು. ಶೀತಲ ಆ ಮಾತು ಮೀರಿರಲಿಲ್ಲ, ಮೀರುವ ಮನಸ್ಸೂ ಇರಲಿಲ್ಲ. ಅದಕ್ಕೇ ಊಟವನ್ನು ಖಾನಾಪುರದ ಅತ್ತೆಯ ಮನೆಯಲ್ಲಿ ಇಟ್ಟುಕೊಂಡದ್ದು. ಅದಕ್ಕೇ ಓವನ್ನು ಅಲ್ಲಿಗೆ ಹೋಗಬೇಕಾದದ್ದು. ಓವನ್ನಿಗೆ ಕಾರು ಬೇಕಾಯಿತು, ಕಾರಿನ ಜೊತೆ ಮೈಲಾರಲಿಂಗ ಬಂದ, ಮೈಲಾರಲಿಂಗನ ಜೊತೆ ಕಲ್ಲಯ್ಯ.

ಮನೆಗೆ ಬಂದಾಗ ಓವನ್ನು ಅರ್ಧ ಮೆಟ್ಟಿಲಲ್ಲಿತ್ತು. ಒಂದು ತುದಿ ಬಾಳೇಶ ಹಿಡಿದಿದ್ದ, ಇನ್ನೊಂದು ತುದಿ ಅವನ ಸೂಪರ್‌ವೈಸರ್ ಮೈಲಾರಲಿಂಗ. ದುಂಡು ಮುಖದ, ದೊಡ್ಡ ದನಿಯ ಮನುಷ್ಯ. ಶೀತಲ ಕೋಳಿಯ ಚೀಲವನ್ನು ಗೇಟಿನ ಹೊರಗೇ ಸ್ಕೂಟರಿಗೆ ತೂಗುಹಾಕಿ ಒಳಗೆ ಬಂದಳು.

“ಓವನ್ ರಿಪೇರಿಗೇನವ್ವಾ?” ಎಂದು ಹೀರಾಬಾಯಿ ಕಟ್ಟೆಯ ಮೇಲೆ ಕೂತು ಕೇಳಿದರು.

ಶೀತಲ ಉತ್ತರಿಸುವ ಮೊದಲೇ ಮೈಲಾರಲಿಂಗ ಮೆಟ್ಟಿಲ ಮೇಲಿಂದಲೇ, “ಇಲ್ರಿ ಕಾಕು, ಖಾನಾಪುರಕ್ಕ ಒಯ್ಯಾಕತ್ತೇವಿ. ಕೋಳಿ ಸುಡಾಕ,” ಎಂದ.

ಹೀರಾಬಾಯಿ ಸಿಟ್ಟಾಗಲಿಲ್ಲ. ಓವನ್ನನ್ನು ಒಂದು ಸಲ, ಶೀತಲಳನ್ನು ಒಂದು ಸಲ ನೋಡಿದರು. “ಹಂಗಾರ ಅದು ತಿರುಗಿ ಈ ಮನಿಗೆ ಬರಂಗಿಲ್ಲ, ಹೌದಲ್ಲ? ನನಗ ತತ್ತಿ ಇಲ್ಲದ ಕೇಕ್ ಮಾಡಿ ಕೊಡಾಕಿ. ಅದು ಹೆಂಗ ಮತ್ತ?”

ಶೀತಲಳಿಗೆ ಇದು ಹೊಳೆದೇ ಇರಲಿಲ್ಲ. ದೀಪಾವಳಿಗೆ ಕೊಂಡ ಓವನ್ನು, ಒಂದೇ ಒಂದು ಕೋಳಿಗಾಗಿ ಮನೆ ಬಿಟ್ಟು ಹೋಗುತ್ತಿತ್ತು. “ನೋಡೂಣ್ರಿ ಕಾಕು,” ಎಂದಷ್ಟೇ ಹೇಳಿದಳು.

ಬಾಳೇಶ ಬೈಕಿನಲ್ಲಿ ಹಿಂದೆ ಬರುತ್ತೇನೆಂದ. ಶೀತಲ ಸ್ಕೂಟರಿನಿಂದ ಕೋಳಿಯ ಚೀಲ ತೆಗೆದುಕೊಂಡು ಕಾರಿನ ಹಿಂದಿನ ಸೀಟಿನಲ್ಲಿ ಓವನ್ನಿಗೆ ಒತ್ತಿಕೊಂಡು ಕೂತಳು. ಮುಂದೆ ಬಾಳೇಶನ ಜೊತೆ ಕೆಲಸ ಮಾಡುವ ಕಲ್ಲಯ್ಯ ಇದ್ದ. ಮಚ್ಛೆಯಲ್ಲಿ ಇನ್ನೊಬ್ಬ ಹತ್ತಿದ, ಅವನ ಹೆಸರನ್ನು ಯಾರೂ ಅವಳಿಗೆ ಹೇಳಲಿಲ್ಲ. ಅವನು ಹತ್ತಿದ ಮೇಲೆ ಓವನ್ನಿನ ಅರ್ಧ ಭಾರ ಅವಳ ತೊಡೆಯ ಮೇಲೆ ಬಂತು. ಮೈಲಾರಲಿಂಗ ಕಾರು ನಡೆಸುತ್ತಲೇ ದಾರಿಯುದ್ದಕ್ಕೂ ಹಿಂದೆ ತಿರುಗಿ ತಿರುಗಿ ಮಾತಾಡಿದ.

“ವೈನಿ, ಕೋಳಿಗೆ ರಾತ್ರಿನ ಮಸಾಲಿ ಹಚ್ಚಿ ಇಡಬೇಕಾಗಿತ್ತು ನೋಡ್ರಿ.”

“ಎಲ್ಲಿ ಇಡಲ್ರಿ? ಮನಿಯಾಗ ಇಡಾಕ ಬರಂಗಿಲ್ಲ.”

“ಅದು ಖರೇ. ಆದ್ರೂ ರಾತ್ರಿನ ಹಚ್ಚಿದ್ರ ಚಲೋ ಇತ್ತು.” ಸ್ವಲ್ಪ ದೂರ ಹೋದ ಮೇಲೆ ಮತ್ತೆ, “ನೀವು ಮೊಸರು ಹಾಕ್ತೀರೋ, ನಿಂಬಿ ಹಣ್ಣೋ?”

“ಬೆಣ್ಣಿ. ಬೆಳ್ಳುಳ್ಳಿ, ಮೆಣಸಿನ ಪುಡಿ, ನಿಂಬಿ.”

“ಕೆಂಪ ಖಾರ ಇಲ್ಲೇನು?” ಎಂದು ಹೆಸರಿಲ್ಲದವನು ಕೇಳಿದ. ದಾರಿಯಲ್ಲಿ ಅವನು ಬಾಯಿಬಿಟ್ಟದ್ದು ಅಷ್ಟಕ್ಕೇ.

ಖಾನಾಪುರದ ಮನೆಯಲ್ಲಿ ಬಾಳೇಶನ ಅಣ್ಣ, ಅತ್ತಿಗೆ ಮದುವೆಗೆಂದು ಪರ ಊರಿಗೆ ಹೋಗಿದ್ದರು. ಅಡಿಗೆಮನೆ ಖಾಲಿ ಸಿಗುತ್ತದೆ ಎಂದೇ ಶೀತಲ ಈ ಭಾನುವಾರ ಆರಿಸಿದ್ದು. ಅತ್ತೆ ಸತ್ಯವ್ವ ಹಿತ್ತಲಿನ ಒಲೆಯ ಮುಂದೆ ಕೂತಿದ್ದಳು. ಒಲೆಯ ಮೇಲೆ ದೊಡ್ಡ ಪಾತ್ರೆ ಕುದಿಯುತ್ತಿತ್ತು, ಪಕ್ಕದಲ್ಲಿ ಕಂದು ಗರಿಗಳ ಗುಪ್ಪೆ ಬಿದ್ದಿತ್ತು.

“ಇದೇನ್ರಿ ಅತ್ತಿ?”

“ಜವಾರಿ ಕೋಳಿ. ಹಲಸಿಯಿಂದ ನಮ್ಮಣ್ಣ ಕಳಸ್ಯಾನ. ಆ ನಿನ್ನ ಬಾಯ್ಲರ್ ಕೋಳಿ ನಂಬಿ ಮಂದೀನ ಕರದರ ಮರ್ಯಾದಿ ಉಳೀತೈತೇನು?”

“ಮಂದೀನ ನಾ ಕರದಿಲ್ರಿ. ನಾ ಕರದದ್ದು ಇಬ್ಬರನ್ನ.”

“ಬಾಳ್ಯಾ ಫೋನ್ ಮಾಡಿದ್ದ, ಏಳು ಮಂದಿ ಅಂತ.”

ಶೀತಲ ಮೊದಲನೆಯ ಕೋಳಿಯ ತುಂಡುಗಳನ್ನು ಅವಳ ಮುಂದಿಟ್ಟಳು. ಸತ್ಯವ್ವ ಚೀಲ ಬಿಚ್ಚಿ ನೋಡಿ, ಮೂಗು ಸೊಟ್ಟ ಮಾಡಿ, “ಇದನ್ನ ನನ್ನ ಸಾರಿಗೆ ಹಾಕೂದಿಲ್ಲ. ಬ್ಯಾರೆ ಸುಕ್ಕಾ ಮಾಡ್ತೇನಿ,” ಎಂದಳು. ಅಷ್ಟಾದರೂ ಆಗಲಿ ಎಂದು ಶೀತಲ ಒಳಗೆ ಹೋದಳು.

ಒಳಗೆ ಇನ್ನೊಂದು ಕಾದಿತ್ತು. ಅಡಿಗೆಮನೆಯ ಪ್ಲಗ್ಗಿನ ತೂತುಗಳು ಸಣ್ಣವು, ಓವನ್ನಿನ ಪಿನ್ನು ದಪ್ಪ. ದಪ್ಪ ಪಿನ್ನು ಹಿಡಿಯುವ ಪ್ಲಗ್ಗು ಇಡೀ ಮನೆಗೆ ಒಂದೇ, ಅದೂ ಪಡಸಾಲೆಯಲ್ಲಿ, ನೀರಿನ ಮೋಟರಿಗೆಂದು ಹಾಕಿಸಿದ್ದು. ಓವನ್ನನ್ನು ಪಡಸಾಲೆಯ ಬೆಂಚಿನ ಮೇಲೆ ಇಡಬೇಕಾಯಿತು. ಗಂಡಸರಿಗೆ ಕುರ್ಚಿ ಹಾಕಿದ್ದೂ ಅಲ್ಲೇ.

ತ್ರಿವೇಣಿ, ಸುಹಾಸಿನಿ ಬಸ್ಸಿಳಿದು ಬಂದಾಗ ಶೀತಲ ಮೊಣಕೈವರೆಗೆ ಬೆಣ್ಣೆ ಮಾಡಿಕೊಂಡು ಕೋಳಿಯ ಚರ್ಮದ ಕೆಳಗೆ ಬೆಳ್ಳುಳ್ಳಿ ತೂರಿಸುತ್ತಿದ್ದಳು. ತ್ರಿವೇಣಿ ಬಾಗಿಲಲ್ಲೇ ನಿಂತು ಪಡಸಾಲೆಯ ಚಪ್ಪಲಿಗಳನ್ನು ನೋಡಿ, “ಏನಲೇ, ಮದುವಿ ಐತೇನು ಇಲ್ಲಿ?” ಎಂದಳು.

“ಕೇಳಬ್ಯಾಡ. ಒಳಗ ಬಾ.”

ಓವನ್ನಿನಲ್ಲಿ ಮೊದಲು ಸುಹಾಸಿನಿಯ ಪಾಲು ಆಗಬೇಕಿತ್ತು. ಕೋಳಿ ಸೋಕುವ ಮೊದಲೇ ಅವಳದು ಬೇಯಲಿ ಎಂದು ಶೀತಲ ಗೊಂಜಾಳದ ತೆನೆ, ಪನೀರು, ದೊಣ್ಣೆ ಮೆಣಸಿನಕಾಯಿ ಹೊಸ ತಟ್ಟೆಯಲ್ಲಿ ಜೋಡಿಸಿಟ್ಟಿದ್ದಳು. ಅದು ಚೆನ್ನಾಗಿಯೇ ಬೆಂದು ಬಂತು. ಆದರೆ ಪಡಸಾಲೆಯಿಂದ ಅಡಿಗೆಮನೆಗೆ ಬರುವಷ್ಟರಲ್ಲಿ ಒಂದು ತೆನೆ ಮಾಯವಾಗಿತ್ತು. ಕಲ್ಲಯ್ಯ ಬಾಯಿ ಒರೆಸಿಕೊಳ್ಳುತ್ತ, “ಚಲೋ ಆಗೇತ್ರಿ ವೈನಿ,” ಎಂದ.

ಆಮೇಲೆ ಕೋಳಿ ಹೋಯಿತು. ಓವನ್ನಿನೊಳಗೆ ದೀಪ ಹತ್ತಿತು, ಗಾಜಿನ ಹಿಂದೆ ಕೋಳಿ ಕಾಲು ಮಡಚಿಕೊಂಡು ಕೂತಿತು. ಗಂಡಸರು ಕುರ್ಚಿಗಳನ್ನು ಅದರತ್ತ ತಿರುಗಿಸಿಕೊಂಡು, ಕ್ರಿಕೆಟ್ ಮ್ಯಾಚು ನೋಡುವವರ ಹಾಗೆ ಅರ್ಧ ವೃತ್ತವಾಗಿ ಕೂತರು. ಶೀತಲ ಒಳಗೆ ಸೌತೆಕಾಯಿ ಹೆಚ್ಚುತ್ತಿದ್ದರೂ ಅವಳ ಕಿವಿ ಹೊರಗೇ ಇತ್ತು. ಓವನ್ನಿನ ಬಾಗಿಲು ಕಿರ್ರೆಂದರೆ ಓಡಿ ಬರುತ್ತಿದ್ದಳು.

“ಬಣ್ಣ ಬಂತೇನು ಅಂತ ನೋಡಿದೆ,” ಎನ್ನುವನು ಮೈಲಾರಲಿಂಗ.

“ಗಾಜಿನ್ಯಾಗಿಂದ ಕಾಣತೈತಲ್ರಿ ಅಣ್ಣಾರ. ತಗದರ ಕಾವು ಹೋಗತೈತಿ.”

“ಹೌದೌದು, ಇನ್ನ ತಗಿಯೂದಿಲ್ಲ.”

ಸ್ವಲ್ಪ ಹೊತ್ತಿಗೆ ಮತ್ತೆ ಕಿರ್ರ್. ಈ ಸಲ ಕಲ್ಲಯ್ಯ ಸ್ಕ್ರೂಡ್ರೈವರಿನಿಂದ ಕೋಳಿಯ ತೊಡೆ ಚುಚ್ಚಿ, “ಇನ್ನೂ ಗಟ್ಟಿ ಐತ್ರಿ ಸಾಹೇಬ್ರ,” ಎಂದು ವರದಿ ಒಪ್ಪಿಸುತ್ತಿದ್ದ. ಸ್ಕ್ರೂಡ್ರೈವರು ಎಲ್ಲಿಂದ ಬಂತೆಂದು ಶೀತಲ ಕೇಳಲಿಲ್ಲ. ಅದನ್ನು ಅವನ ಕೈಯಿಂದ ತೆಗೆದುಕೊಂಡು ಹೋಗಿ ಅಕ್ಕಿ ಡಬ್ಬಿಯ ಹಿಂದೆ ಇಟ್ಟಳು. ಬಾಳೇಶ ನಡುವೆ ಕೂತು ನಗುತ್ತಿದ್ದ. ಜನ ತನ್ನ ಮನೆಯಲ್ಲಿ ಕೂತು ತನ್ನ ಹೆಂಡತಿಯ ಅಡುಗೆ ಕಾಯುತ್ತಿದ್ದಾರೆ ಎಂಬುದೇ ಅವನಿಗೆ ಹಬ್ಬ. ಅವನು ಕೆಟ್ಟವನಲ್ಲ. ಅದೇ ಅವಳಿಗೆ ಹೆಚ್ಚು ರೇಗಿಸುತ್ತಿತ್ತು. ಕೆಟ್ಟವನಾಗಿದ್ದರೆ ಜಗಳಾಡಿ ಮುಗಿಸಬಹುದಿತ್ತು.

ಕೋಳಿಯ ಎದೆ ಈಗಷ್ಟೇ ಹೊನ್ನಿನ ಬಣ್ಣಕ್ಕೆ ತಿರುಗುತ್ತಿತ್ತು. ಓವನ್ನಿನ ದೀಪ ಆರಿತು, ಫ್ಯಾನು ನಿಂತಿತು. ಕರೆಂಟು ಹೋಯಿತು.

ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಮೈಲಾರಲಿಂಗ ಕಾರಿನ ಬ್ಯಾಟರಿಯಿಂದ ಓವನ್ನು ನಡೆಸಬಹುದೇ ಎಂದು ಲೆಕ್ಕ ಹಾಕತೊಡಗಿದ. ಹೆಸರಿಲ್ಲದವನು ಬಿಸಿಲಿಗಿಡಿ ಎಂದ. ಸತ್ಯವ್ವ ಹಿತ್ತಲಿನಿಂದ ಬಂದು, “ನಾ ಮೊದಲ ಹೇಳಿದ್ನಿ” ಎಂದಳು, ಏನು ಹೇಳಿದ್ದಳೆಂದು ಯಾರಿಗೂ ನೆನಪಿಲ್ಲದಿದ್ದರೂ.

“ಯಾರೂ ಬಾಗಿಲಾ ತಗೀಬ್ಯಾಡ್ರಿ,” ಎಂದಳು ಶೀತಲ. “ಒಳಗಿನ ಕಾವಿಗೆ ಇನ್ನಷ್ಟು ಬೇಯ್ತೈತಿ. ಅಷ್ಟರಾಗ ಕರೆಂಟ್ ಬಂದರೂ ಬರಬಹುದು.”

ಕಾದರು. ಕರೆಂಟು ಬರಲಿಲ್ಲ. ಹಿತ್ತಲಿನಿಂದ ಜವಾರಿ ಕೋಳಿಯ ಸಾರಿನ ವಾಸನೆ ಪಡಸಾಲೆಗೆ ನುಗ್ಗಿತು, ಗಂಡಸರ ಮಾತು ಕಡಿಮೆಯಾಯಿತು. ಸುಹಾಸಿನಿ ಗಡಿಯಾರ ನೋಡಿಕೊಂಡಳು. ಅವಳು ಹೊತ್ತು ಮುಳುಗಿದ ಮೇಲೆ ಉಣ್ಣುವವಳಲ್ಲ. ಆದರೂ ಬೇಕಾದಷ್ಟು ಹೊತ್ತಿತ್ತು. ಶೀತಲ ನೀರು ಕುಡಿಯಲು ಒಳಗೆ ಹೋಗಿ ತಿರುಗಿ ಬರುವಷ್ಟರಲ್ಲಿ ಓವನ್ನಿನ ಬಾಗಿಲು ಪೂರ್ತಿ ತೆರೆದಿತ್ತು. ಕೋಳಿ ಬೆಂಚಿನ ಮೇಲಿತ್ತು. ಬಾಳೇಶ ಚಾಕು ಹಿಡಿದು ನಿಂತಿದ್ದ.

“ಏನ ಮಾಡಾಕತ್ತೀರಿ?”

“ತುಂಡ ಮಾಡಿ ಅವ್ವನ ಸಾರಿನ್ಯಾಗ ಹಾಕೂಣು. ಐದ ನಿಮಿಷಕ್ಕ ಬೇಯ್ತೈತಿ, ಎಲ್ಲಾರಿಗೂ ಆಕ್ಕತಿ. ಸಾಹೇಬ್ರಿಗೆ ಹಸಿವಾಗೇತಿ, ಶೀತಲ.”

ಅವನು ಅದನ್ನು ಸಹಾಯ ಮಾಡುವವನ ದನಿಯಲ್ಲೇ ಹೇಳಿದ. ಅವಳು ಮುಂದೆ ಬಂದು, ಅವನ ಚಾಕುವಿನ ಕೆಳಗಿನಿಂದ ತಟ್ಟೆಯನ್ನು ಎಳೆದುಕೊಂಡಳು.

“ಇದು ನನ್ನ ಗೆಳತ್ಯಾರ ಸಲುವಾಗಿ ಮಾಡಿದ್ದು,” ಎಂದಳು. ದನಿ ಏರಿಸಲಿಲ್ಲ, ವಾರ್ಡಿನಲ್ಲಿ ಪೇಶಂಟಿನ ಕಡೆಯವರಿಗೆ ಹೇಳುವಾಗಿನ ದನಿ ಅದು. “ಸಾಹೇಬ್ರಿಗೆ ಅತ್ತಿ ಸಾರು ಮಾಡ್ಯಾರ, ಸುಕ್ಕಾ ಮಾಡ್ಯಾರ. ಬಡಸ್ರಿ ನೀವು. ಗಂಗಾಳ ಅಲ್ಲೇ ಗ್ವಾಡಿ ಮಾಡದಾಗ ಅದಾವು.”

“ನಾ ಬಡಸ್ಲ್ಯಾ?”

“ನೀವ ಕರದೀರಿ.”

ಅಡಿಗೆಮನೆಗೆ ಹೋಗಿ ಗೆಳತಿಯರಿಬ್ಬರನ್ನೂ ಒಳಗೆ ಕರೆದು ಬಾಗಿಲು ಮುಚ್ಚಿದಳು. ಚಿಲಕ ಹಾಕಿದ ಮೇಲೆ ಅವಳಿಗೇ ತಾನು ಏನು ಮಾಡಿದೆ ಎಂದು ಗೊತ್ತಾದದ್ದು. ಹಸಿ ಅಲ್ಲದ, ಬೆಂದೂ ಇಲ್ಲದ ಕೋಳಿ ತಟ್ಟೆಯ ಮೇಲೆ ಬೆಣ್ಣೆ ಸುರಿಸುತ್ತಿತ್ತು.

“ಈಗ?” ಎಂದಳು ತ್ರಿವೇಣಿ.

ಶೀತಲ ಸುತ್ತ ನೋಡಿದಳು. ಗ್ಯಾಸ್ ಇತ್ತು. ಅಟ್ಟದ ಮೇಲೆ ಹಬ್ಬದ ಅಡುಗೆಯ ದಪ್ಪ ತಳದ ಡಬರಿ ಇತ್ತು. ಮೂಲೆಯಲ್ಲಿ ಸತ್ಯವ್ವನ ಹರಳುಪ್ಪಿನ ಡಬ್ಬಿ. ಓವನ್ನು ಬರುವುದಕ್ಕೂ ಮೊದಲು ಹೀರಾಬಾಯಿಯ ಕೇಕನ್ನು ಅವಳು ಕುಕ್ಕರಿನಲ್ಲಿ ಉಪ್ಪು ಹಾಸಿ ಮಾಡುತ್ತಿದ್ದಳು. ಕೇಕು ಬೇಯುವುದಾದರೆ ಕೋಳಿಯೂ ಬೇಯಬೇಕು.

“ಡಬರಿ ಇಳಿಸು,” ಎಂದಳು.

ಡಬ್ಬಿಯ ಉಪ್ಪೆಲ್ಲ ಡಬರಿಯ ತಳಕ್ಕೆ ಬಿತ್ತು. ಅದು ಕಾದು ಚಟಪಟ ಎನ್ನುವಾಗ ಸಿಂಬಿಯ ಹಾಗೆ ಒಂದು ಕಬ್ಬಿಣದ ಬಳೆ ಇಟ್ಟು, ಅದರ ಮೇಲೆ ಕೋಳಿಯ ತಟ್ಟೆ ಇಟ್ಟರು. ತ್ರಿವೇಣಿ ಹಿಟ್ಟು ನಾದಿ ಮುಚ್ಚಳದ ಸುತ್ತ ಮೆತ್ತಿದಳು, ಪ್ಲಾಸ್ಟರ್ ಹಾಕಿದಷ್ಟು ಅಚ್ಚುಕಟ್ಟಾಗಿ. ಮುಚ್ಚಳದ ಮೇಲೆ ಬೀಸುವ ಕಲ್ಲಿನ ಅರ್ಧ ಹೇರಿದರು. ಇನ್ನು ಕಾಯುವುದಷ್ಟೇ ಕೆಲಸ. ಸುಹಾಸಿನಿ ತನ್ನ ತಟ್ಟೆ ತೆಗೆದುಕೊಂಡು ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಳು. “ನಾ ಉಣ್ಣಾಕ ಶುರು ಮಾಡ್ತೇನಿ. ನಿಮ್ಮ ಕೋಳಿ ಯಾವಾಗ ಏಳ್ತೈತೋ ಏನೋ,” ಎಂದು ತೆನೆ ಕಚ್ಚಿದಳು.

ಬಾಗಿಲು ಬಡಿದ ಸದ್ದಾಯಿತು. ಬಾಳೇಶ.

“ಶೀತಲ. ಏನಿದು, ಮಂದಿ ಏನ ಅಂದಾರು?”

ಸುಹಾಸಿನಿ ಕೂತಲ್ಲಿಂದಲೇ ತಲೆ ಹಿಂದೆ ಚಾಚಿ, “ಬಾಳೇಶ ಅಣ್ಣಾರ, ವಿಸಿಟಿಂಗ್ ಟೈಮ್ ಮುಗದೈತ್ರಿ,” ಎಂದಳು.

ತ್ರಿವೇಣಿ ಬಾಯಿಗೆ ಸೆರಗು ಒತ್ತಿಕೊಂಡಳು. ಶೀತಲಳಿಗೆ ಮೊದಲು ಅಳು ಬಂದ ಹಾಗಾಯಿತು, ಬಂದದ್ದು ನಗು. ಒಮ್ಮೆ ಬಂದದ್ದು ನಿಲ್ಲಲಿಲ್ಲ. ಬಾಗಿಲಾಚೆ ಬಾಳೇಶ ತಿರುಗಿ ಹೋದ. ಆಮೇಲೆ ಗೋಡೆಯ ಮಾಡದಿಂದ ಗಂಗಾಳಗಳನ್ನು ತೆಗೆಯುವ ಸದ್ದು, ಒಂದು ಬಿದ್ದ ಸದ್ದು, ಮೈಲಾರಲಿಂಗ “ಸಾವಕಾಶ, ಬಾಳೇಶ” ಎನ್ನುವುದು, ಎಲ್ಲ ಕೇಳಿಸಿತು.

ಕಾಯುವಾಗ ಮೂವರೂ ಮಾತಾಡಿದರು. ತ್ರಿವೇಣಿಯ ವಾರ್ಡಿನ ಮುದುಕನೊಬ್ಬ ಪ್ರತಿ ದಿನ ಬೆಳಿಗ್ಗೆ ಅವಳ ಮದುವೆ ಮಾಡಿಸುತ್ತೇನೆಂದು ವರಗಳ ಹೆಸರು ಹೇಳುತ್ತಿದ್ದನಂತೆ. ಸುಹಾಸಿನಿ ತೀವ್ರ ನಿಗಾ ಘಟಕಕ್ಕೆ ಹೋಗಲೋ ಬೇಡವೋ ಎಂದು ಎರಡು ತಿಂಗಳಿನಿಂದ ಯೋಚಿಸುತ್ತಿದ್ದಳು. ಯಾರನ್ನೂ ಕೇಳಿರಲಿಲ್ಲ, ಕೇಳಲು ಇವರಿಬ್ಬರು ಸಿಕ್ಕಿರಲಿಲ್ಲ. “ಹೋಗು,” ಎಂದಳು ಶೀತಲ. “ಹೋಗಬ್ಯಾಡ,” ಎಂದಳು ತ್ರಿವೇಣಿ. ಅದರ ಮೇಲೆ ಬಹಳ ಹೊತ್ತು ವಾದವಾಯಿತು, ತೀರ್ಮಾನವಾಗಲಿಲ್ಲ.

ಮುಚ್ಚಳ ಕಿತ್ತಾಗ ಹಬೆ ಸೂರಿನವರೆಗೆ ಎದ್ದಿತು. ಚಿತ್ರದಲ್ಲಿರುವಂತೆ ಹೊಳೆಯುವ ಕೋಳಿಯಲ್ಲ ಅದು. ಒಂದು ಪಕ್ಕ ಕಪ್ಪಾಗಿತ್ತು, ಇನ್ನೊಂದು ಪಕ್ಕ ಬಿಳಿಚಿಕೊಂಡಿತ್ತು, ತೊಡೆಯಲ್ಲಿ ಸ್ಕ್ರೂಡ್ರೈವರಿನ ತೂತು ಹಾಗೇ ಇತ್ತು. ಆದರೆ ಕಾಲು ಹಿಡಿದು ಎಳೆದರೆ ಮೂಳೆ ತಾನಾಗಿ ಬಿಟ್ಟುಬಂತು. ಒಂದು ಕಾಲು ತ್ರಿವೇಣಿಗೆ, ಒಂದು ಶೀತಲಳಿಗೆ. ಪಂಚಾಯ್ತಿ ಬೇಕಾಗಲಿಲ್ಲ. ನೆಲದ ಮೇಲೆ ಕಾಲು ಚಾಚಿ ಕೂತು ಇಬ್ಬರೂ ತಿಂದರು.

ಹಿತ್ತಲ ಬಾಗಿಲಿಗೆ ಚಿಲಕ ಹಾಕಲು ಶೀತಲ ಮರೆತಿದ್ದಳು. ಅದು ತೆರೆದುಕೊಂಡು ಸತ್ಯವ್ವ ಒಳಗೆ ಬಂದಳು. ಕೈಯಲ್ಲಿ ಬಿಸಿ ರೊಟ್ಟಿಯ ಬುಟ್ಟಿ. ಕೆಳಗೆ ಕೂತಿದ್ದವರನ್ನು, ಡಬರಿಯನ್ನು, ಬರಿದಾದ ಡಬ್ಬಿಯನ್ನು ನೋಡಿದಳು.

“ನನ್ನ ಉಪ್ಪು?”

“ಡಬರಿಯಾಗ ಐತ್ರಿ ಅತ್ತಿ,” ಎಂದಳು ಶೀತಲ. ಬಾಯಲ್ಲಿ ತುತ್ತಿತ್ತು. ಈಗ ಬೈಗುಳ ಬರುತ್ತದೆ, ಅದನ್ನೂ ಕೇಳಿಬಿಡೋಣ ಎಂದು ಕೂತಲ್ಲೇ ಕೂತಳು.

ಸತ್ಯವ್ವ ರೊಟ್ಟಿಯ ಬುಟ್ಟಿ ಕೆಳಗಿಟ್ಟು, ಮೊಣಕಾಲು ಹಿಡಿದುಕೊಂಡು ಅವರ ಪಕ್ಕದಲ್ಲಿ ಕೂತಳು. “ನೋಡೂಣು, ಒಂದ ತುಂಡ ಕೊಡು. ಇದರ ಸಲುವಾಗಿ ಇಷ್ಟ ಗದ್ಲ ಮಾಡೀಯಲ್ಲ.”

ಶೀತಲ ಎದೆಯ ಭಾಗ ಹರಿದು ಕೊಟ್ಟಳು. ಸತ್ಯವ್ವ ನಿಧಾನವಾಗಿ ಅಗಿದಳು, ನುಂಗಿದಳು.

“ಖಾರ ಇಲ್ಲ. ನಿಮ್ಮ ದವಾಖಾನಿ ಪೇಶಂಟ್ ಊಟ ಇದ್ದಂಗೈತಿ,” ಎಂದು ಇನ್ನೊಂದು ತುಂಡಿಗೆ ಕೈ ಚಾಚಿದಳು. ಅದಾದ ಮೇಲೆ ಮತ್ತೊಂದಕ್ಕೆ. ರೊಟ್ಟಿಯಿಂದ ತಟ್ಟೆಯ ತಳದ ಬೆಣ್ಣೆಯನ್ನೂ ಒರೆಸಿ ತಿಂದಳು. ಆಮೇಲೆ ದನಿ ತಗ್ಗಿಸಿ, “ಬಾಳ್ಯಾ ಹೊರಗ ಮಾರಿ ಸಣ್ಣದ ಮಾಡ್ಕೊಂಡಾನ. ಒಂದ ತುಂಡ ಒಯ್ದ ಕೊಡ್ಲೇನು?” ಎಂದು ಕೇಳಿದಳು.

“ಬ್ಯಾಡ್ರಿ. ಬೇಕಾದ್ರ ತಾವ ಬಂದು ಕೇಳ್ಲಿ.”

ಸತ್ಯವ್ವ ಎದ್ದು, ಹೊರಗಿನವರಿಗೆ ಗುರುತು ಸಿಗದಂತೆ ಸೆರಗಿನಿಂದ ಬಾಯಿಯನ್ನು ಚೆನ್ನಾಗಿ ಒರೆಸಿಕೊಂಡು, ಬುಟ್ಟಿ ಎತ್ತಿಕೊಂಡು ಬಂದ ದಾರಿಯಲ್ಲೇ ಹೋದಳು.

ಕಾರು ಹೊರಟ ಸದ್ದು ಕೇಳಿದ ಮೇಲೆ ಶೀತಲ ಚಿಲಕ ತೆಗೆದಳು. ಮೈಲಾರಲಿಂಗನಿಗೆ ಬೇಸರವೇನೂ ಆದಂತಿರಲಿಲ್ಲ. ಎರಡು ಸಲ ಸಾರು ಹಾಕಿಸಿಕೊಂಡು, ಸತ್ಯವ್ವನಿಗೆ ಕೈ ಮುಗಿದು ಹೋಗಿದ್ದನಂತೆ. ಬಾಳೇಶ ಪಡಸಾಲೆಯಲ್ಲಿ ಎಂಜಲು ಗಂಗಾಳಗಳ ನಡುವೆ ನಿಂತಿದ್ದ. ಅಂಗಿಯ ಮೇಲೆ ಸಾರು ಚೆಲ್ಲಿತ್ತು. ಗೆಳತಿಯರು ಕೈ ತೊಳೆಯಲು ಹಿತ್ತಲಿಗೆ ಹೋದರು.

“ನನಗ ಗೊತ್ತಾಗಲಿಲ್ಲ,” ಎಂದ.

“ಏನು ಗೊತ್ತಾಗಲಿಲ್ಲ?”

“ಇದು ನಿಂದು ಅಂತ. ನಿಮ್ಮ ಮೂರೂ ಮಂದೀದು ಅಂತ.”

“ನಾ ಹೇಳಿದ್ನಿ.”

ಬಾಳೇಶ ಯೋಚಿಸಿದ. “ಹೇಳಿದ್ದಿ,” ಎಂದು ಒಪ್ಪಿಕೊಂಡ. ಆಮೇಲೆ, “ಉಳದೈತೇನು?” ಎಂದು ಕೇಳಿದ.

ಬೆನ್ನಿನ ಭಾಗ, ಒಂದು ರೆಕ್ಕೆ ಉಳಿದಿತ್ತು. ಶೀತಲ ರೆಕ್ಕೆಯನ್ನು ತಟ್ಟೆಯಲ್ಲಿ ತಂದು ಕೊಟ್ಟಳು. ಅವನು ನಿಂತೇ ತಿಂದ, ಮೂಳೆಯನ್ನೂ ಬಿಡದೆ ಚೀಪಿದ. ಚೆನ್ನಾಗಿದೆ ಎಂದು ಹೇಳುವ ಧೈರ್ಯ ಮಾಡಲಿಲ್ಲ.

“ನಾ ಇವರ ಕೂಡ ಬಸ್ಸಿಗೆ ಹೋಗ್ತೇನಿ,” ಎಂದಳು ಅವಳು. “ಓವನ್ ಇಲ್ಲೇ ಇರ್ಲಿ. ಭಾಂಡೆ ನೀವು ತಿಕ್ಕಿ ಬರ್ರಿ. ಅತ್ತಿಗೆ ಹಚ್ಚಬ್ಯಾಡ್ರಿ. ಅವರಿಗೆ ಉಪ್ಪಿನ ಒಂದ ಚೀಲ ತಂದ ಕೊಟ್ಟ ಬರ್ರಿ.”

“ಡಬರಿ ತಳಕ್ಕ ಕರ್ರಗ ಹತ್ತೇತಲ್ಲ.”

“ಬಿಸಿನೀರು ಹಾಕಿ ನೆನಸ್ರಿ. ಬರ್ತೈತಿ.”

ಅವನು ತೋಳು ಮಡಚಿಕೊಂಡು ಡಬರಿಯನ್ನು ಹಿತ್ತಲಿಗೆ ಹೊತ್ತುಕೊಂಡು ಹೋದ. ಸತ್ಯವ್ವ ಕಟ್ಟೆಯ ಮೇಲೆ ಕೂತು, ಮಗ ಭಾಂಡೆ ತಿಕ್ಕುವುದನ್ನು ನೋಡಿಯೂ ನೋಡದವಳ ಹಾಗೆ ಅಡಿಕೆ ಕತ್ತರಿಸುತ್ತಿದ್ದಳು.

ಬೆಳಗಾವಿಯ ಬಸ್ಸಿನಲ್ಲಿ ಮೂವರಿಗೂ ಒಂದೇ ಸೀಟು ಸಿಕ್ಕಿತು. ಕಿಟಕಿಯಿಂದ ಇಳಿಬಿಸಿಲು ಒಳಗೆ ಬೀಳುತ್ತಿತ್ತು. ಶೀತಲ ತನ್ನ ಕೈ ಮೂಸಿ ನೋಡಿಕೊಂಡಳು, ಎಷ್ಟು ತೊಳೆದರೂ ಬೆಳ್ಳುಳ್ಳಿ, ಬೆಣ್ಣೆಯ ವಾಸನೆ ಹೋಗಿರಲಿಲ್ಲ.

“ಮುಂದಿನ ಸಲ ಯಾವಾಗ?” ಎಂದಳು ಸುಹಾಸಿನಿ.

“ನಿಮ್ಮ ಪಾಳಿ ನೀವು ಬದಲಿ ಮಾಡ್ಕೋರಿ,” ಎಂದಳು ಶೀತಲ, ತಲೆಯನ್ನು ಸೀಟಿಗೆ ಆನಿಸಿ ಕಣ್ಣು ಮುಚ್ಚುತ್ತ. “ತ್ರಿವೇಣಿ ಮನಿಯಾಗ ಮಾಡೂಣು. ಆಕೀನ ಅಡಗಿ ಮಾಡ್ಲಿ. ನಾ ಉಣ್ಣಾಕಷ್ಟ ಬರಾಕಿ.”

“ನನಗ ಚಹಾ ಬಿಟ್ಟರ ಏನೂ ಬರಂಗಿಲ್ಲಲೇ,” ಎಂದಳು ತ್ರಿವೇಣಿ.

“ಹಂಗಾರ ಚಹಾ ಕುಡಿಯೂಣು,” ಎಂದಳು ಶೀತಲ.